ನೀರಿಗೆ ಮರಳಿದ ಗಣಿತದ ಅಕ್ಕಾರು

ಹೋದ ತಿಂಗಳು ಬಬಲೇಶ್ವರದ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಅಕ್ಕಾರಿಗೆ, ಎಂದರೆ ಟೀಚರಮ್ಮನಿಗೆ, ನಿವೃತ್ತಿಯ ಸನ್ಮಾನವಾಯಿತು. ಶಾಲು, ಹಾರ, ಒಂದು ಗೋಡೆ ಗಡಿಯಾರ, ಆಮೇಲೆ ಭಾಷಣ. ಹೆಡ್‌ಮಾಸ್ತರರು ಹತ್ತನೆಯ ತರಗತಿಯ ಗಣಿತದ ಫಲಿತಾಂಶ ಹೇಗೆ ಏರಿತೆಂದು ಹೇಳಿದರು. ಈಗ ಟ್ರ್ಯಾಕ್ಟರ್ ಶೋರೂಮಿನ ಮಾಲೀಕನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಅಕ್ಕಾರ ಕೈಯಲ್ಲಿ ತಿಂದ ಏಟುಗಳನ್ನು ಹೆಮ್ಮೆಯಿಂದ ನೆನೆದ. ಅಕ್ಕಾರು ಕುರ್ಚಿಯ ತುದಿಯಲ್ಲಿ ಕೂತು, ಬೇರೆ ಯಾರದೋ ಸನ್ಮಾನಕ್ಕೆ ಬಂದವರ ಹಾಗೆ ಕೇಳುತ್ತಿದ್ದರು. ನನ್ನನ್ನೂ ಎರಡು ಮಾತಾಡಲು ಕರೆದರು. ಅಕ್ಕಾರು ನನಗೆ ತಾಯಿ ಇದ್ದ ಹಾಗೆ ಎಂದು ಹೇಳಿ ಕೂತುಬಿಟ್ಟೆ. ಅದು ನಿಜವಲ್ಲ. ತಾಯಿಯ ಎದುರು ನಾನು ಅಷ್ಟು ನಕ್ಕವಳೇ ಅಲ್ಲ.

ಹೇಳಬೇಕೆನಿಸಿದ್ದು ಬೇರೆಯೇ ಇತ್ತು. ಆದರೆ ಅದು ಮೈಕಿನ ಮುಂದೆ, ಹುಡುಗರ ಸಾಲಿನ ಎದುರು ಹೇಳುವಂಥದಲ್ಲ. ಬರೆಯಲೇ ಎಂದು ಆಮೇಲೆ ಅವರನ್ನೇ ಕೇಳಿದೆ. ಹೆಸರು ಹಾಕಬೇಡ, ಖರೇ ಇದ್ದದ್ದನ್ನು ಬರಿ, ದೇವರನ್ನು ಮಾಡಬೇಡ ಎಂದರು.

ನಾವಿಬ್ಬರೂ ಇರುವುದು ವಿಜಯಪುರದಲ್ಲಿ. ದಿನಾ ಒಂದೇ ಬಸ್ಸಿಗೆ ಬಬಲೇಶ್ವರಕ್ಕೆ ಹೋಗಿ, ಸಂಜೆ ಒಂದೇ ಬಸ್ಸಿಗೆ ಮರಳುತ್ತಿದ್ದವರು. ನಾನು ಆ ಶಾಲೆಗೆ ಕನ್ನಡ ಕಲಿಸಲು ಹೊಸದಾಗಿ ಬಂದಾಗ ಅಕ್ಕಾರು ಅಲ್ಲಿ ಹಳಬರು. ಎರಡನೆಯ ದಿನ ಬಸ್ಸು ಹತ್ತಿದರೆ, ಅವರು ಪಕ್ಕದ ಸೀಟಿನ ಮೇಲೆ ಕೊಡೆ ಅಡ್ಡ ಇಟ್ಟುಕೊಂಡು, ಕೂಡಲು ಬಂದವರಿಗೆಲ್ಲ ಮಂದಿ ಬರುತ್ತಾರೆ ಎನ್ನುತ್ತಿದ್ದರು. ಆ ಮಂದಿ ನಾನೇ ಎಂದು ಅವರು ಕೊಡೆ ತೆಗೆದಾಗಲೇ ತಿಳಿದದ್ದು. ಲೆಕ್ಕ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ ಎಂದು ಹುಡುಗರು ತಿಳಿದಿದ್ದರು. ಬಸ್ಸಿನಲ್ಲಿ ಮಾತ್ರ ಅವರ ಮಾತೆಲ್ಲ ಊಟದ್ದೇ. ಯಾರ ಮನೆಯ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಹೆಚ್ಚಾಗಿದೆ, ಯಾರ ಎಣ್ಣೆಗಾಯಿ ಬರೀ ಎಣ್ಣೆ, ಇಂಥ ವಿಷಯದಲ್ಲಿ ಅವರು ಯಾರಿಗೂ ದಯೆ ತೋರಿಸಿದವರಲ್ಲ.

ಕ್ಲಾಸಿನಲ್ಲಿ ಅವರದೊಂದು ಮಾತಿತ್ತು. "ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ. ಸುಮ್ಮ ಗೋಣ ಹಾಕಬ್ಯಾಡ್ರಿ." ತಿಳಿಯದೆ ತಲೆಯಾಡಿಸುವ ಹುಡುಗನ ಮೇಲೆ ಅವರಿಗೆ ಬರುತ್ತಿದ್ದ ಸಿಟ್ಟು ತಪ್ಪು ಉತ್ತರ ಕೊಟ್ಟವನ ಮೇಲೆ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲೂ ಹಾಗೆಯೇ. ಮೀಟಿಂಗಿನಲ್ಲಿ ಎಲ್ಲರೂ ಹೌದು ಹೌದು ಎನ್ನುವಾಗ ಅಕ್ಕಾರು, ಇದರಿಂದ ಏನಾಗುತ್ತದೆ ತಿಳಿಯಲಿಲ್ಲ ಎಂದುಬಿಡುವರು. ಅವರನ್ನು ಇಷ್ಟಪಡುವುದು ಸುಲಭವಿರಲಿಲ್ಲ. ಪೂರ್ವಗ್ರಹ ಬೇಕಾದಷ್ಟಿತ್ತು, ನಾಲಗೆ ಹರಿತ, ಒಮ್ಮೆ ಮುನಿದರೆ ತಿಂಗಳುಗಟ್ಟಲೆ ಮಾತಿಲ್ಲ.

ಐದು ವರ್ಷದ ಹಿಂದೆ ಅವರು ಒಮ್ಮೆಲೇ ದೀರ್ಘ ರಜೆ ಹಾಕಿದರು. ಫೋನು ಮಾಡಿದರೆ ಅವರ ಯಜಮಾನರು ಎತ್ತಿ, ಮಲಗಿದ್ದಾರೆ ಎನ್ನುತ್ತಿದ್ದರು. ಶಾಲೆಯಲ್ಲಿ ಎಲ್ಲರೂ ದನಿ ತಗ್ಗಿಸಿ "ಆ ಬ್ಯಾನಿ" ಎಂದು ಮಾತಾಡತೊಡಗಿದರು. ಕೆಲವು ತಿಂಗಳ ಮೇಲೆ ಅಕ್ಕಾರು ಮರಳಿ ಬಂದಾಗ ತಲೆಗೂದಲು ಹುಡುಗರ ಕ್ರಾಪಿನಷ್ಟಿತ್ತು, ಮುಖ ಬಾತಿತ್ತು. ಸ್ಟಾಫ್ ರೂಮಿನಲ್ಲಿ ಬ್ಯಾಗು ಇಟ್ಟು, ಎಲ್ಲರೂ ಇದ್ದಾರೆಂದು ನೋಡಿಕೊಂಡು, "ಕ್ಯಾನ್ಸರ್ ಆಗಿತ್ತು. ಬಲಗಡೀದು ತಗದಾರ. ಈಗ ಆರಾಮ ಅದೀನಿ" ಎಂದರು. ಗಂಡಸರು ತಲೆ ತಗ್ಗಿಸಿದರು. ಅಕ್ಕಾರು ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ನಡೆದರು. ಮರುದಿನ ವಿಜ್ಞಾನದ ಮಾಸ್ತರರು ಸೇಬಿನ ಚೀಲ ಹಿಡಿದು, ಯಾರದೋ ಮಣ್ಣಿಗೆ ಹೋಗಿ ಬಂದವರ ಮುಖ ಮಾಡಿಕೊಂಡು ಅವರ ಮನೆಗೆ ಹೋದರಂತೆ. ಅವರ ಜೊತೆ ಅಕ್ಕಾರು ದೀಪಾವಳಿಯವರೆಗೂ ಮಾತಾಡಲಿಲ್ಲ.

ಆರಾಮ ಇದ್ದೇನೆ ಎಂದದ್ದು ಪೂರ್ತಿ ನಿಜವಲ್ಲ ಎಂದು ನನಗೆ ತಿಳಿದದ್ದು ಬಸ್ಸಿನಲ್ಲಿ. ಸಾರವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಡ್ರೈವರ್ ಬ್ರೇಕು ಒತ್ತಿದ. ಅವತ್ತು ನಮಗೆ ಸೀಟಿರಲಿಲ್ಲ. ಅಕ್ಕಾರು ಮೇಲಿನ ಸರಳಿಗೆ ಬಲಗೈ ಎತ್ತಲು ಹೋದರು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಅವರು ನನ್ನ ಮೇಲೆ ಬಿದ್ದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಕೈ ಮೇಲೇಳುತ್ತಿಲ್ಲವೆಂದು ಆಮೇಲೆ ಹೇಳಿದರು. ನಾನು ಅವರ ಕ್ಲಾಸಿನ ಮುಂದೆ ಹಾದುಹೋಗುವಾಗ ಬೋರ್ಡಿನ ಮೇಲಿನ ಅರ್ಧ ಖಾಲಿ ಇರುವುದನ್ನು ಗಮನಿಸಿದ್ದೆ, ಕಾರಣ ಹೊಳೆದಿರಲಿಲ್ಲ. ಎಲ್ಲ ಟೀಚರರೂ ಬಲತುದಿಯಲ್ಲಿ ಮೇಲೆ ಬರೆಯುವ ತಾರೀಖನ್ನು ಅವರು ಬೋರ್ಡಿನ ಹೊಟ್ಟೆಯ ಹತ್ತಿರ ಬರೆಯುತ್ತಿದ್ದರು. ಲೆಕ್ಕ ಅಲ್ಲಿಂದ ಶುರುವಾಗಿ ಕೆಳಗೆ ಮುಗಿಯುತ್ತಿತ್ತು. ಹಿಂದಿನ ಬೆಂಚಿನವರು ಎದ್ದು ನಿಂತು ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟಿದ್ದರು, ಗೋಡೆಗೆ ಬೆರಳು ಹಚ್ಚಿ ಮೇಲೆ ಮೇಲೆ ಹತ್ತಿಸುವುದು. ಅಕ್ಕಾರಿಗೆ ಅದು ಬೇಸರ. ಗೋಡೆಯ ಮೇಲಿನ ಹಲ್ಲಿಯ ಕೆಲಸ ಎನ್ನುವರು. ತೂಕವೂ ಏರಿತ್ತು, ಮೆಟ್ಟಿಲು ಹತ್ತಿದರೆ ದಮ್ಮು. ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ದಿನ, ನೀವು ಚಿಕ್ಕವರಿದ್ದಾಗ ಏನಾದರೂ ಆಟ ಆಡುತ್ತಿದ್ದಿರಾ ಎಂದು ಕೇಳಿದಳಂತೆ. ಆಟ ಇಲ್ಲ, ಈಸಲು ಬರುತ್ತದೆ ಎಂದರಂತೆ ಇವರು. ಗಾಯ ಪೂರ್ತಿ ಮಾಗಿದೆ, ಡಾಕ್ಟರನ್ನು ಕೇಳಿ ನೀರಿಗೆ ಇಳಿಯಿರಿ ಎಂದಳು ಅವಳು. ಡಾಕ್ಟರು ಒಪ್ಪಿದರು.

ಅಕ್ಕಾರು ತಿಕೋಟಾದವರು. ಹೊಲದ ಬಾವಿಯಲ್ಲಿ ಅವರಪ್ಪ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಮಗಳನ್ನು ನೀರಿಗೆ ಬಿಟ್ಟಿದ್ದರು. ಮುಂದೆ ಡಬ್ಬಿ ಬೇಕಾಗಲಿಲ್ಲ. ಅಣ್ಣಂದಿರ ಜೊತೆ ಪಂತ ಕಟ್ಟಿ ದಂಡೆಯಿಂದ ಜಿಗಿಯುತ್ತಿದ್ದರು. ಮೈನೆರೆದ ವರ್ಷ ಅಜ್ಜಿ, ದೊಡ್ಡವಳಾದೆ, ಇನ್ನು ಸಾಕು ಎಂದಳು. ಅಲ್ಲಿಗೆ ಮುಗಿಯಿತು. ಸಿಟ್ಟು ಬರಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಸಿಟ್ಟು ಬರಬೇಕು ಅನ್ನುವುದೂ ಆಗ ಗೊತ್ತಿರಲಿಲ್ಲ ಎಂದರು. ಅಂದಿನಿಂದ ನೀರೆಂದರೆ ಬಕೆಟ್ಟಿನದು.

ಈಜುಗೊಳದಲ್ಲಿ ಬೆಳಿಗ್ಗೆ ಒಂದು ತಾಸು ಹೆಂಗಸರಿಗೆಂದೇ ಬಿಟ್ಟಿರುತ್ತಾರೆ ಎಂದು ವಿಚಾರಿಸಿಕೊಂಡು ಬಂದವರು ಅವರೇ. ನಾನು ಜೊತೆಗೆ ಬರಬೇಕೆಂದರು. ನನಗೆ ನೀರೆಂದರೆ ಭಯ, ಈಜು ಬಾರದು. "ನೀ ಇಳೀಬ್ಯಾಡ ಬೇ. ದಂಡಿಗಿ ಕುಂಡ್ರು. ನಾ ಮುಳಗಿದ್ರ ಒದರು, ಅಷ್ಟ." ಹಾಗೆ ನಾನು ಒದರುವ ಕೆಲಸಕ್ಕೆ ಸೇರಿಕೊಂಡೆ.

ಈಜುಡುಗೆ ಕೊಳ್ಳಲು ಸ್ಟೇಷನ್ ರಸ್ತೆಯ ಅಂಗಡಿಗೆ ಹೋದೆವು. ಮೊಣಕೈ ಮುಚ್ಚಬೇಕು, ಕಾಲು ಮುಚ್ಚಬೇಕು, ಕೊರಳು ಮೇಲಿರಬೇಕು ಎಂದರು ಅಕ್ಕಾರು. ಅಂಗಡಿಯವನು ಹುಡುಗಿಯ ವಯಸ್ಸೆಷ್ಟು ಎಂದು ಕೇಳಿದ. ಐವತ್ತೈದು ಎಂದರು. ಅವನು ಏಣಿ ಹತ್ತಿ, ಬಹಳ ಹೊತ್ತು ಮೇಲಿನ ಡಬ್ಬಿಗಳಲ್ಲೇ ಮುಖ ಹುದುಗಿಸಿಕೊಂಡಿದ್ದ.

ಮೊದಲ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರು ಬಾಗಿಲಿನ ಚಿಲಕ ಎರಡು ಸಲ ಎಳೆದು ನೋಡಿ ಒಳಗೆ ಬಹಳ ಹೊತ್ತು ಇದ್ದರು. ಹಳೆಯ ಸೋಫಾದ ಸ್ಪಂಜು ಕತ್ತರಿಸಿ, ಮೆತ್ತನೆಯ ಬಟ್ಟೆಯಲ್ಲಿ ಹೊಲಿದು, ಎದೆಯ ಬಲಗಡೆ ಇಟ್ಟುಕೊಳ್ಳುತ್ತಿದ್ದರು. ಸೀರೆಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಮೈಗಂಟುವ ಉಡುಗೆಯಲ್ಲಿ ಅದನ್ನು ಸರಿಯಾಗಿ ಕೂರಿಸುವುದು ಕಷ್ಟ. ಹೊರಗೆ ಬಂದು, ಸರಿ ಇದೆಯೇ ಎಂದು ಕಣ್ಣಿನಲ್ಲೇ ಕೇಳಿದರು. ನಾನು ಹೂಂ ಎಂದೆ. ಅಕ್ಕಾರ ದನಿ ಇಲ್ಲದ ಪ್ರಶ್ನೆಯನ್ನು ನಾನು ಕಂಡದ್ದು ಅದೇ ಮೊದಲು.

ಎದೆಯ ಮಟ್ಟದ ನೀರಿನಲ್ಲಿ ಅವರು ಸುಮ್ಮನೆ ನಿಂತರು. ಉಳಿದ ಹೆಂಗಸರು ಸರಳು ಹಿಡಿದು ಕಾಲು ಬಡಿಯುತ್ತಿದ್ದರು. ಅಕ್ಕಾರು ಅಂಗೈಯಿಂದ ನೀರನ್ನು ಸವರುತ್ತ, ಅಂಗಡಿಯಲ್ಲಿ ಬಟ್ಟೆಯ ನೇಯ್ಗೆ ನೋಡುವವರ ಹಾಗೆ ನೋಡಿದರು. ಆಮೇಲೆ ಕಾಲು ಕಿತ್ತರು. ಮೈ ಮರೆತಿರಲಿಲ್ಲ. ಎಡಗೈ ಎಳೆಯಿತು, ಕಾಲು ಕಪ್ಪೆಯ ಹಾಗೆ ಮಡಿಚಿ ಬಿಚ್ಚಿತು. ಬಲಗೈ ಮಾತ್ರ ಜೊತೆಗೆ ಬರಲಿಲ್ಲ. ಹಾಗಾಗಿ ಅವರು ಬಲಕ್ಕೆ ಬಲಕ್ಕೆ ತಿರುಗಿ, ಎದುರು ದಂಡೆಗೆ ಹೊರಟವರು ಹೊರಟಲ್ಲಿಗೇ ಬಂದು ಗೋಡೆಗೆ ಬಡಿದರು. ನೀರು ಕುಡಿದು ಕೆಮ್ಮಿದರು. ನಾನು ಒದರಲು ಎದ್ದು ನಿಂತಿದ್ದೆ. ಅವರು ಎಡಗೈ ಎತ್ತಿ ಬೇಡವೆಂದರು. ಸರಳು ಹಿಡಿದು ಉಸಿರು ತಂದುಕೊಂಡು ಮತ್ತೆ ಹೊರಟರು, ಮತ್ತೆ ತಿರುಗಿ ಅಲ್ಲಿಗೇ ಬಂದರು.

ಗೊಳದಲ್ಲಿ ಈಜು ಕಲಿಸುವ ಹುಡುಗಿಗೆ ಅವರ ಕತ್ತಿನದೇ ಚಿಂತೆ. ಮುಖ ನೀರಿನಲ್ಲಿಟ್ಟು ಈಜಬೇಕು, ನೀವು ತಲೆ ಎತ್ತಿಕೊಂಡೇ ಇರುತ್ತೀರಿ ಎಂದಳು. ಬಾವಿಯಲ್ಲಿ ಹಾವು ಬರುತ್ತವೆ, ಅದಕ್ಕೆ ತಲೆ ಮೇಲಿಟ್ಟು ಈಸುವುದು ಎಂದರು ಅಕ್ಕಾರು. ಇಲ್ಲಿ ಹಾವಿಲ್ಲವೆಂದು ಅವಳು ಹೇಳಿದರೂ ಕತ್ತು ನಂಬಲು ಬಹಳ ದಿನ ಬೇಕಾಯಿತು.

ಎರಡೋ ಮೂರೋ ವಾರವಾಗಿರಬೇಕು. ಅಕ್ಕಾರು ನೀರಿನ ನಡುವೆ ಇದ್ದರು. ಆ ಸ್ಪಂಜಿನ ತುಂಡು ಉಡುಗೆಯ ಕೊರಳಿನಿಂದ ಜಾರಿ ಹೊರಗೆ ಬಂದು ತೇಲತೊಡಗಿತು. ಅವರಿಗೆ ಗೊತ್ತಾಗಲಿಲ್ಲ. ದಂಡೆಯಲ್ಲಿದ್ದ ನನಗೆ ಕಂಡಿತು. ಅದು ಸಣ್ಣ ತೆಪ್ಪದ ಹಾಗೆ ಹೆಂಗಸರ ನಡುವೆ ಹೋಗುತ್ತಿತ್ತು. ಬೆನ್ನುನೋವಿಗೆಂದು ಬರುತ್ತಿದ್ದ ಟೇಲರ್ ಕೆಲಸದ ಹೆಣ್ಣುಮಗಳೊಬ್ಬಳು ಅದನ್ನು ಹಿಡಿದೆತ್ತಿ, ಯಾರದಿದು ಎಂದು ಕೇಳಿದಳು. ಏನೆಂದು ಅವಳಿಗೆ ತಿಳಿದಿರಲಿಲ್ಲ. ಒಬ್ಬಿಬ್ಬರು ನಕ್ಕರು. ಅಕ್ಕಾರು ತಿರುಗಿ ನೋಡಿದರು. ಕೈ ತಾನಾಗಿ ಎದೆಗೆ ಹೋಯಿತು, ಅಲ್ಲೇ ನಿಂತಿತು.

ಆ ಕ್ಷಣದಲ್ಲಿ ಅವರು ನೀರು ಬಿಟ್ಟು ಎದ್ದು ಹೋಗುತ್ತಾರೆ, ಇನ್ನು ಬರುವುದಿಲ್ಲ ಎಂದೇ ನಾನು ತಿಳಿದೆ.

ಅಕ್ಕಾರು ಎದೆಯ ಮೇಲಿನ ಕೈ ತೆಗೆದರು. "ಅದು ನಂದು. ಆಪರೇಷನ್ ಆಗೇತಿ, ಅಲ್ಲಿ ಇಟ್ಕೊಳ್ಳೂದು. ಇಲ್ಲೆ ಕೊಡ್ರಿ" ಎಂದರು. ಕ್ಲಾಸಿನಲ್ಲಿ ಸೀಮೆಸುಣ್ಣ ಕೇಳುವ ದನಿಯೇ. ಟೇಲರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಅಕ್ಕಾರು ನೀರು ಹಿಂಡಿ ದಂಡೆಯ ಮೇಲೆ, ನನ್ನ ಕಾಲ ಬಳಿ ಇಟ್ಟು, ಉಳಿದ ಹೊತ್ತನ್ನು ಹಾಗೆಯೇ ಈಸಿದರು. ಹೊರಗೆ ಬಂದ ಮೇಲೆ ಅವರು ಬಟ್ಟೆಯ ಗುಂಡಿಗಳನ್ನು ತಪ್ಪು ಕಾಜಕ್ಕೆ ಹಾಕಿಕೊಂಡರು. ಬಿಚ್ಚಿ ನಾನೇ ಸರಿಯಾಗಿ ಹಾಕಿದೆ. ಶಾಲೆಗೆ ಹೋಗುವ ಬಸ್ಸು ಸಾರವಾಡ ದಾಟಿತು. ಆಮೇಲೆ, ಅದು ಇಲ್ಲದಿದ್ದರೆ ಈಸಲು ಹಗುರ, ಮೊದಲೇ ತೆಗೆದಿಡಬೇಕಿತ್ತು ಎಂದರು.

ಮರುದಿನ ಟೇಲರಮ್ಮ ಅವರಿಗಾಗಿ ಕಾದಿದ್ದಳು. "ಅಕ್ಕಾರ, ನಾ ಒಳಗ ಒಂದ ಕಿಸೆ ಹೊಲದ ಕೊಡ್ತೀನ್ರಿ. ಜಾರೂದಿಲ್ಲ." ಅಕ್ಕಾರು ಬೇಡವೆನ್ನಲಿಲ್ಲ. ಅವಳು ಒಳಗಿನಿಂದ ಅಚ್ಚುಕಟ್ಟಾದ ಕಿಸೆ ಹೊಲಿದು, ಮೇಲೆ ಒತ್ತುಗುಂಡಿ ಇಟ್ಟು ಕೊಟ್ಟಳು. ಅಕ್ಕಾರು ಅದರಲ್ಲಿ ಲಾಕರಿನ ಕೀಲಿ ಇಡತೊಡಗಿದರು. ಟೇಲರಮ್ಮ ಅದನ್ನು ಕಂಡು ಮೊದಲು ತಬ್ಬಿಬ್ಬಾಗಿ, ಆಮೇಲೆ ನೀರಿನಲ್ಲಿ ನಿಂತೇ ಹೊಟ್ಟೆ ಹಿಡಿದು ನಕ್ಕಳು. ದಿನ ಕಳೆದಂತೆ ಉಳಿದವರ ಕೀಲಿಗಳೂ ಅಲ್ಲಿಗೇ ಬಂದವು. ಹೆಂಗಸರು ಬಂದು "ಅಕ್ಕಾರ, ನಮ್ಮದೂ ಇಟ್ಟಕೋರ್ರಿ" ಎಂದು ಕೊಟ್ಟು ಹೋಗುವರು. ಅಕ್ಕಾರು ಬಲಗಡೆ ಗಿಲಿಗಿಲಿ ಎನ್ನುತ್ತ ಈಸುವರು.

ಕೈ ನಿಧಾನವಾಗಿ ಬಿಟ್ಟುಕೊಟ್ಟಿತು. ನೀರಿನಲ್ಲಿ ನೋವು ಕಡಿಮೆ ಎನ್ನುತ್ತಿದ್ದರು. ಬಲಕ್ಕೆ ತಿರುಗುವುದು ನಿಂತು, ಒಂದು ದಿನ ನೇರವಾಗಿ ಎದುರು ದಂಡೆ ಮುಟ್ಟಿದರು. ಮುಟ್ಟಿದವರು ನನ್ನ ಕಡೆ ನೋಡಲೂ ಇಲ್ಲ. ಅಲ್ಲಿದ್ದ ಅಪರಿಚಿತ ಹೆಂಗಸಿನ ಜೊತೆ ಬದನೆಕಾಯಿಯ ಮಾತು ತೆಗೆದರು. ತೂಕ ಇಳಿಯಿತು, ಮೆಟ್ಟಿಲಿನ ದಮ್ಮು ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕ್ಲಾಸಿನ ಮುಂದೆ ಹಾದುಹೋಗುತ್ತಿದ್ದ ನಾನು ನಿಂತುಬಿಟ್ಟೆ. ತಾರೀಖು ಬೋರ್ಡಿನ ಬಲತುದಿಯಲ್ಲಿ, ಮೇಲೆ, ತನ್ನ ಜಾಗದಲ್ಲಿತ್ತು. ಅಕ್ಷರ ಸ್ವಲ್ಪ ಸೊಟ್ಟ. ಅವರು ಅದರ ಕೆಳಗೆ ಹುಡುಗನೊಬ್ಬನನ್ನು ಬಯ್ಯುತ್ತ ನಿಂತಿದ್ದರು.

ಅವರ ಯಜಮಾನರ ಬಗ್ಗೆ ಒಂದು ಮಾತು ಹೇಳಬೇಕು. ಮೆತ್ತನೆಯ ಮನುಷ್ಯ. ದಿನಾ ಬೆಳಿಗ್ಗೆ ಸ್ಕೂಟರಿನ ಮೇಲೆ ಅಕ್ಕಾರನ್ನು ಬಿಟ್ಟು, ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಪೇಪರ್ ಓದುತ್ತ ಕೂಡುವರು. ಹೇಗಾಯಿತು ಎಂದು ಅವರು ಹೆಂಡತಿಯನ್ನು ಒಂದು ದಿನವೂ ಕೇಳಿದ್ದು ನಾನು ಕಾಣೆ. ನಾವು ಹೊರಗೆ ಬಂದರೆ ಪೇಪರ್ ಮಡಿಚಿ, ಹೆಂಡತಿಯ ಒದ್ದೆ ಚೀಲ ಇಸಿದುಕೊಂಡು, ಥರ್ಮಾಸಿನಿಂದ ಚಹಾ ಸುರಿದು ಇಬ್ಬರಿಗೂ ಕೊಡುವರು. ಚಹಾದಲ್ಲಿ ಸಕ್ಕರೆ ಹೆಚ್ಚೆಂದು ಅಕ್ಕಾರು ದಿನಾ ಹೇಳುವರು.

ಎಲ್ಲವೂ ಹದಕ್ಕೆ ಬಂತು ಎನ್ನುವಾಗ, ಎರಡು ವರ್ಷದ ಹಿಂದಿನ ತಪಾಸಣೆಯಲ್ಲಿ ಹೊಲಿಗೆ ಹಾಕಿದ ಜಾಗದ ಹತ್ತಿರ ಗಂಟಿನ ಹಾಗೆ ಏನೋ ಕೈಗೆ ಸಿಕ್ಕಿತು. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ದಿನ ಹಿಡಿಯುತ್ತದೆ ಎಂದರು. ಸೂಜಿಯ ಗಾಯ ಆರುವವರೆಗೆ ಈಸಬಾರದೆಂದೂ ಹೇಳಿದರು.

ಅಕ್ಕಾರು ಆದರೂ ಬೆಳಿಗ್ಗೆ ಬಂದರು. ಈಗ ದಂಡೆಯಲ್ಲಿ ಕೂಡುವ ಸರದಿ ಅವರದು. ನನ್ನನ್ನು ನೀರಿಗೆ ಇಳಿಸಿದರು. ನನಗೂ ಡಾಕ್ಟರು ಸಕ್ಕರೆ ಅಂಚಿನಲ್ಲಿದೆ ಎಂದು ಹೆದರಿಸಿದ್ದರು. ಇನ್ನೆಷ್ಟು ದಿನ ಒದರುವ ಕೆಲಸ ಮಾಡುತ್ತೀ ಎಂದರು ಅಕ್ಕಾರು. ಅವರ ಮನಸ್ಸು ಬೇರೆ ಕಡೆ ಇರಲಿ ಎಂದು ನಾನು ಒಪ್ಪಿದೆ, ಇಲ್ಲವಾದರೆ ಇಳಿಯುತ್ತಿರಲಿಲ್ಲ. ಸರಳು ಹಿಡಿದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಅವರೇ. ಹೊಟ್ಟೆ ಮೇಲೆ ಮಾಡು, ಕಿವಿ ನೀರಿನಲ್ಲಿ ಬಿಡು, ಆಕಾಶ ನೋಡು ಎಂದು ದಂಡೆಯಿಂದ ಹೇಳುವರು. ನಾನು ಹೇಳಿದ ಹಾಗೆ ಮಾಡಲು ಹೋಗಿ ಮುಳುಗುವೆ. ತಿಳಿಯಿತೇ ಎಂದರೆ ಹೂಂ ಎನ್ನುವೆ. ಗೋಣ ಹಾಕಬೇಡ ಎಂದು ಬೈಯುವರು.

ಒಂದು ದಿನ ತಡೆಯದೆ ಕೇಳಿದೆ, ನಿಮಗೆ ಅಂಜಿಕೆ ಇಲ್ಲವೇ ಎಂದು.

ಅವರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. "ಐತಿ. ರಾತ್ರಿ ನಿದ್ದಿ ಬರೂದಿಲ್ಲ. ಈಸಾಕ ಬಿಟ್ಟಿದ್ರ ಅಷ್ಟ ಹೊತ್ತರ ಮರೀತಿದ್ದೆ. ನೀರಾಗ ಇದ್ದಾಗ ಉಸರಿನ ಕಡೆ ಲಕ್ಷ್ಯ ಇಡಬೇಕು, ಅಂಜಾಕ ಪುರಸೊತ್ತ ಇರೂದಿಲ್ಲ." ಕಾಲಿನಿಂದ ನನ್ನ ಕಡೆ ನೀರು ಚಿಮ್ಮಿಸಿ ಮತ್ತೆ ಅಂದರು: "ಈಗ ನಿನ್ನ ನೋಡಿಕೋತ ಮರೀತೀನಿ. ನೀ ಮುಳಗೂದು ನೋಡಿದ್ರ ಬ್ಯಾರೆ ಏನೂ ನೆನಪಾಗೂದಿಲ್ಲ."

ಫಲಿತಾಂಶ ಬಂದ ದಿನ ಪರೀಕ್ಷೆಯ ಡ್ಯೂಟಿ ಇದ್ದ ನಾನು ಶಾಲೆಯಲ್ಲಿದ್ದೆ. ಮಧ್ಯಾಹ್ನ ಫೋನು ಬಂತು. ಅಕ್ಕಾರ ನಂಬರು, ಆದರೆ ದನಿ ಯಜಮಾನರದು. ಅವರು ಮಾತಾಡಲು ಬಾಯಿ ತೆಗೆದು ಅತ್ತುಬಿಟ್ಟರು. ಆಗ ಫೋನು ಕಸಿದುಕೊಂಡ ಸದ್ದಾಗಿ ಅಕ್ಕಾರು ಬಂದರು. "ಏನೂ ಇಲ್ಲಂತ. ಹಳೇ ಗಾಯದ ಗಂಟು. ಇವರಿಗೆ ಹೇಳ್ರಿ ಅಂತ ಕೊಟ್ರ ಅಳಾಕ ನಿಂತಾರ." ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರಂತೆ ಇಬ್ಬರೂ. ಯಜಮಾನರಿಗೆ ಸ್ಕೂಟರಿನ ಕೀಲಿ ತೂತಿಗೆ ಹಾಕಲು ಆಗುತ್ತಿರಲಿಲ್ಲವಂತೆ. ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಮಾಡಿಕೊಂಡು ಮನೆಗೆ ಹೋದರು. ನಾನು ಫೋನು ಇಟ್ಟು ಖಾಲಿ ಕ್ಲಾಸಿಗೆ ಹೋಗಿ, ಬೆಂಚಿನ ಮೇಲೆ ತಲೆಯಿಟ್ಟು ಕೂತೆ. ಹೊರಗೆ ಮಕ್ಕಳ ಗದ್ದಲ ಎಂದೂ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ನಿವೃತ್ತಿಯ ಮೇಲೂ ಅಕ್ಕಾರು ಬೆಳಿಗ್ಗೆ ನೀರಿಗೆ ಬರುತ್ತಾರೆ. ನಾನೂ ಈಗ ಅಡ್ಡಡ್ಡ ದಾಟಬಲ್ಲೆ, ತಲೆ ಮೇಲಿಟ್ಟುಕೊಂಡೇ. ಆರು ತಿಂಗಳಿಗೊಮ್ಮೆ ಅವರ ತಪಾಸಣೆ ಇರುತ್ತದೆ. ಮೊದಲೆಲ್ಲ ಅದರ ಹಿಂದಿನ ವಾರ ನಾನು ದಿನ ಎಣಿಸುತ್ತಿದ್ದೆ. ಅವರೂ ಎಣಿಸುತ್ತಿದ್ದರೆಂದು ನನಗೆ ಗೊತ್ತು. ತಾರೀಖು ಹೇಳುತ್ತಿದ್ದರು, ಮುಗಿದ ತಕ್ಷಣ ಆಸ್ಪತ್ರೆಯಿಂದಲೇ ಫೋನು ಮಾಡುತ್ತಿದ್ದರು.

ಈ ವಾರ ನೀರಿನಿಂದ ಎದ್ದು ತಲೆ ಒರೆಸಿಕೊಳ್ಳುತ್ತಿದ್ದಾಗ ನೆನಪಾಗಿ, ಈ ಸಲದ ತಪಾಸಣೆ ಯಾವಾಗ ಎಂದು ಕೇಳಿದೆ. ಅಕ್ಕಾರು ಟವೆಲಿನೊಳಗಿಂದ ಮುಖ ಹೊರಗೆ ತೆಗೆದು, ಯಾವುದರ ಮಾತು ಎಂಬಂತೆ ನನ್ನನ್ನು ನೋಡಿದರು.

"ಅದಾ? ಹೋದ ಸೋಮವಾರ ಆತಲ್ಲ. ಆರಾಮ ಐತಿ ಅಂದ್ರು. ನಿನಗ ಹೇಳೂದ ಮರ್ತೆ ನೋಡು" ಎಂದು, ಅವರು ಮತ್ತೆ ತಲೆ ಒರೆಸಿಕೊಳ್ಳತೊಡಗಿದರು.